ಪರದೆಯ ಪರಿಚಯಪತ್ರ

ಹಳೆಯ ಗಣಕಯಂತ್ರಕ್ಕೆ ಹೊಸ ಕಾರ್ಯಾಚರಣ ವ್ಯವಸ್ಥೆಯನ್ನು ಹೂಡುವುದು ಒಂದು ಸಂಜೆಯ ಕೆಲಸವೆಂದು ಬಗೆದು, ನನಗೆ ಕನ್ನಡ ಕಲಿಸಿದ ಮೇಷ್ಟರ ಮನೆಗೆ ಹೋದೆನು. ನಿವೃತ್ತರಾದ ಮೇಲೆ ಅವರು ಹಳಗನ್ನಡದ ಪದಕೋಶವೊಂದನ್ನು ಸಿದ್ಧಪಡಿಸುತ್ತಿದ್ದರು. ಕರಡು ತಿದ್ದುವುದಕ್ಕೆ ಅವರಿಗಿದ್ದುದು ಆ ಒಂದೇ ಯಂತ್ರ, ಮತ್ತು ಹೊಸದಾಗಿ ಪೊರೆ ತೆಗೆಸಿಕೊಂಡಿದ್ದ ಎರಡು ಕಣ್ಣುಗಳು.

ನಾನು ತಂದಿದ್ದುದು ಉಬುಂಟು 22.04. ಮುನ್ನೆಚ್ಚರಿಕೆಯಿರಲೆಂದು ‘ಸೇಫ್ ಗ್ರಾಫಿಕ್ಸ್’ ಎಂಬ ದಾರಿಯನ್ನು ಹಿಡಿದುದೇ ಮೊದಲ ತಪ್ಪಾಯಿತು. ಚಿತ್ರದ ಅಳತೆ 800×600ಕ್ಕೆ ಇಳಿದು, ಮುಂದುವರಿಯಲು ಒತ್ತಬೇಕಾದ ಗುಂಡಿಯೇ ಪರದೆಯ ಅಂಚಿನ ಕೆಳಗೆ ಮರೆಯಾಯಿತು. ಟ್ಯಾಬ್ ಕೀಲಿಯಿಂದ ಕುರುಡನಂತೆ ತಡವಿ, ಎಂಟರ್ ಒತ್ತುತ್ತ ಹೇಗೋ ದಡ ಸೇರಿದೆ. ಆ ದಾರಿ ಹಿಡಿದವರ ಯಂತ್ರದಲ್ಲಿ ‘ನೋಮೋಡ್‌ಸೆಟ್’ ಎಂಬ ಪದವೊಂದು ಗ್ರಬ್ ಕಡತದೊಳಗೆ ಉಳಿದುಬಿಡುವುದುಂಟು. ಅದು ಇರುವವರೆಗೆ ವ್ಯವಸ್ಥೆ ಪರದೆಯ ಅಳತೆಯನ್ನು ತಾನಾಗಿ ನಿಗದಿಮಾಡದು. ಅದನ್ನು ಅಳಿಸಿ ಯಂತ್ರವನ್ನು ಮತ್ತೆ ಚಾಲೂ ಮಾಡಿದೆ. ಅಳತೆ 1024×768ಕ್ಕೆ ಏರಿ ಅಲ್ಲಿಯೇ ನಿಂತಿತು.

ಮೇಷ್ಟರು ಕನ್ನಡಕವನ್ನು ಒರೆಸಿಕೊಂಡು ನೋಡಿದರು. “ಏನಯ್ಯ, ಕೆಟ್ಟಿರುವುದು ನನ್ನ ಕಣ್ಣೋ, ಇದರದೋ?”

ಪ್ರಶ್ನೆ ಹಾಸ್ಯದ್ದಾಗಿರಲಿಲ್ಲ. ಅವರ ಪರದೆಯಲ್ಲಿದ್ದುದು 1920×1080, ಎಂದರೆ 20,73,600 ಚುಕ್ಕೆಗಳು. ಬರುತ್ತಿದ್ದ ಚಿತ್ರದಲ್ಲಿ 7,86,432 ಮಾತ್ರ. ಒಂದು ಚುಕ್ಕೆಯನ್ನು ಎರಡೂವರೆಗೂ ಮಿಕ್ಕ ಚುಕ್ಕೆಗಳ ಮೇಲೆ ಹರಡಬೇಕಾದಾಗ ಅಂಚು ಕಲಸಿಹೋಗದೆ ಗತಿಯಿಲ್ಲ. ಅಕ್ಷರಗಳು ಅಡ್ಡಡ್ಡ ಹಿಗ್ಗಿ ಮಂಜಿನಲ್ಲಿ ಅದ್ದಿದಂತಾಗಿದ್ದವು. ಇಂಗ್ಲಿಷ್ ಲಿಪಿ ಇದನ್ನು ಹೇಗೋ ಸಹಿಸಿಕೊಳ್ಳಬಹುದು. ನಮ್ಮ ಲಿಪಿಗೆ ಆಗದು. ದಕಾರಕ್ಕೂ ಧಕಾರಕ್ಕೂ ನಡುವೆ ಇರುವುದು ಕೆಳಗಿನ ಒಂದು ಸಣ್ಣ ಗೀಟು. ಅದು ಅಳಿಸಿದರೆ ‘ಧನ’ವೆಲ್ಲ ‘ದನ’ವಾಗುತ್ತದೆ. ಪದಕೋಶದ ಗತಿಯೇನು?

ಪರದೆಗೂ ಒಂದು ಪರಿಚಯಪತ್ರವಿರುತ್ತದೆ. ವೆಸಾ ಸಂಸ್ಥೆ 1994ರಲ್ಲಿ ಗೊತ್ತುಪಡಿಸಿದ ಇದಕ್ಕೆ ಇಡಿಐಡಿ ಎಂದು ಹೆಸರು. ತಯಾರಕರು ಯಾರು, ಅಗಲವೆಷ್ಟು, ಯಾವ ಅಳತೆ ಒಗ್ಗುತ್ತದೆ ಎಂಬುದನ್ನೆಲ್ಲ ಮೂಲತಃ 128 ಬೈಟುಗಳಲ್ಲಿ ಅಡಕಮಾಡಿರುತ್ತಾರೆ. (ಯೂನಿಕೋಡಿನ ರೂಢಿಯ ಬರೆಹದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟು ಬೇಕು, ನಮ್ಮ ಭಾಷೆಯಲ್ಲಿ ಬರೆದರೆ ಅಷ್ಟು ಜಾಗ 42 ಸಂಕೇತಗಳಿಗೇ ಮುಗಿದುಹೋದೀತು.) ಆ ಪತ್ರ ತಲುಪದಿದ್ದರೆ ವ್ಯವಸ್ಥೆ ಅಪಾಯವಿಲ್ಲದ ಸಣ್ಣ ಅಳತೆಯೊಂದನ್ನು ಆರಿಸಿಕೊಳ್ಳುತ್ತದೆ. ಅದು ಹೇಡಿತನವಲ್ಲ, ಹಿಂದಿನ ಕೊಳವೆಯ ಪರದೆಗಳಲ್ಲಿ ಕೆಲವಕ್ಕೆ ಮಿತಿಮೀರಿದ ವೇಗ ಹಾನಿಯನ್ನೇ ಮಾಡಬಹುದಾಗಿದ್ದಿತು.

ಇಷ್ಟು ತಿಳಿದಿದ್ದರೂ ನಾನು ಬುದ್ಧಿವಂತಿಕೆಯ ದಾರಿಯನ್ನೇ ಹಿಡಿದೆ. ಪ್ರವೇಶದ ಪುಟದಲ್ಲಿ ಎಕ್ಸ್‌ಆರ್ಗ್ ಆರಿಸಿ, ‘ಸಿವಿಟಿ’ ಆಜ್ಞೆಯಿಂದ 1920×1080ರ ಲೆಕ್ಕ ಪಡೆದು, ‘ಎಕ್ಸ್‌ರ್‍ಯಾಂಡರ್’ ಮೂಲಕ ಅದನ್ನು ಹೇರಿದೆ. ಅಕ್ಷರಗಳು ಥಟ್ಟನೆ ತಿಳಿಯಾದವು. ಕಾಫಿ ಬಂದಿತು, ಹೊಗಳಿಕೆಯೂ ಬಂದಿತು. ಮರುದಿನ ಬೆಳಿಗ್ಗೆ ದೂರವಾಣಿ: “ಮತ್ತೆ ಮಂಜು ಕವಿದಿದೆಯಪ್ಪ.” ಹಾಗೆ ಹೇರಿದ ಅಳತೆ ಯಂತ್ರವನ್ನು ಆರಿಸಿದೊಡನೆ ಮರೆತುಹೋಗುತ್ತದೆಂಬುದನ್ನು ನಾನೇ ಮರೆತಿದ್ದೆ.

ಈ ಸಲ ಕೀಲಿಮಣೆಯನ್ನು ಮುಟ್ಟದೆ ಮೇಜಿನ ಕೆಳಗೆ ನುಸುಳಿದೆ. ವಿಜಿಎ ಕೇಬಲ್ಲಿನ ಮೂತಿಯಲ್ಲಿ ಮೂರು ಸಾಲಿನ ಸೂಜಿಗಳು. ಪರಿಚಯಪತ್ರವನ್ನು ಹೊತ್ತು ತರುವವು ಹನ್ನೆರಡನೆಯದೂ ಹದಿನೈದನೆಯದೂ. ಹನ್ನೆರಡನೆಯದು ಯಾವ ಕಾಲದಲ್ಲಿಯೋ ಬಾಗಿ ಮಲಗಿದ್ದಿತು. ಬಣ್ಣಗಳನ್ನು ತರುವ ಸೂಜಿಗಳು ನೆಟ್ಟಗಿದ್ದುದರಿಂದ ಚಿತ್ರವೇನೋ ಬರುತ್ತಿದ್ದಿತು. ಪರದೆ ತಾನು ಯಾರೆಂದು ಹೇಳಿಕೊಳ್ಳಲು ಮಾತ್ರ ದಾರಿಯಿರಲಿಲ್ಲ. ಚಿಮುಟದಿಂದ ಸೂಜಿಯನ್ನು ಮೆಲ್ಲನೆ ನೆಟ್ಟಗೆ ಮಾಡಿ ಸಿಕ್ಕಿಸಿದೆ. ಯಂತ್ರ ಎದ್ದಾಗ 1920×1080 ತಾನಾಗಿ ಬಂದು ನಿಂತಿತು.

ಮೇಷ್ಟರು ಕರಡನ್ನು ತೆರೆದು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಒಂದು ಸಾಲಿನ ಮೇಲೆ ಬೆರಳಿಟ್ಟರು. “ಇಲ್ಲಿ ನೋಡು, ಇನ್ನೂ ‘ದನ’ ಎಂದೇ ಇದೆ. ಇದು ಪರದೆಯದಲ್ಲ, ನನ್ನದೇ ತಪ್ಪು” ಎಂದು ಸಂತೋಷದಿಂದ ಹೇಳಿ, ಕೀಲಿಮಣೆಯನ್ನು ಹತ್ತಿರಕ್ಕೆ ಎಳೆದುಕೊಂಡರು.