ಮೊದಲು ಮಾತಿನ ಸರಕು, ಆಮೇಲೆ ಇಂಗ್ಲಿಷ್

ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ, ಕುಶಾಲನಗರದ ಕಾಲೇಜುಗಳಲ್ಲಿ ಓದಿದ ಮಕ್ಕಳಿಗೆ ಇಂದಲ್ಲ ನಾಳೆ ಇಂಗ್ಲಿಷಿನಲ್ಲಿ ನಾಲ್ಕು ಮಾತಾಡಲೇಬೇಕಾದ ದಿನ ಬರುತ್ತದೆ. ಒಬ್ಬಳು ನರ್ಸಿಂಗ್ ಮುಗಿಸಿ ಬ್ರಿಟನ್ನಿಗೋ ಆಸ್ಟ್ರೇಲಿಯಾಕ್ಕೋ ಹೋಗಬೇಕೆಂದಿರುತ್ತಾಳೆ. ಒಬ್ಬನಿಗೆ ಬೆಂಗಳೂರಿನ ಕಂಪನಿಯಲ್ಲಿ ಇಂಟರ್‌ವ್ಯೂ. ಇನ್ನೊಬ್ಬನ ಮನೆಯೇ ಹೋಂಸ್ಟೇ ಆಗಿ, ಮುಂಬೈಯಿಂದಲೋ ಜರ್ಮನಿಯಿಂದಲೋ ಬಂದವರು ಜಗಲಿಯಲ್ಲಿ ಕೂತು ತೋಟದ ಬಗ್ಗೆ ಕೇಳುತ್ತಿರುತ್ತಾರೆ. ಸಂದರ್ಭ ಯಾವುದೇ ಇರಲಿ, ಪ್ರಶ್ನೆಗಳು ಹೆಚ್ಚಾಗಿ ನಾಲ್ಕು ವಿಷಯಗಳ ಸುತ್ತಲೇ ಇರುತ್ತವೆ: ಕೆಲಸ, ಆರೋಗ್ಯ, ಪ್ರಯಾಣ, ಜನರ ನಡುವಿನ ಸಂಪರ್ಕ.

ಮಾತು ನಿಂತುಹೋದಾಗ ನಾವು ಬೈಯುವುದು ವ್ಯಾಕರಣವನ್ನು. ಅದೇ ಪ್ರಶ್ನೆಯನ್ನು ಅದೇ ಹುಡುಗನಿಗೆ ಕನ್ನಡದಲ್ಲಿ ಕೇಳಿ. ‘ನಿಮ್ಮೂರಿನ ಜನರ ಕೆಲಸದ ರೀತಿ ಹಿಂದಿಗಿಂತ ಹೇಗೆ ಬದಲಾಗಿದೆ?’ ಎಂದರೆ ‘ತುಂಬಾ ಬದಲಾಗಿದೆ ಸರ್’ ಎಂದು ಹೇಳಿ ಅವನು ಅಲ್ಲಿಯೂ ಸುಮ್ಮನಾಗುತ್ತಾನೆ. ಕೊರತೆ ಇರುವುದು ಭಾಷೆಯಲ್ಲಿ ಮಾತ್ರವಲ್ಲ, ಹೇಳಬೇಕಾದ ವಿಷಯವನ್ನು ಮೊದಲೇ ಹೊಂದಿಸಿಕೊಳ್ಳದೆ ಇರುವುದರಲ್ಲಿಯೂ. ಸ್ಪೋಕನ್ ಇಂಗ್ಲಿಷ್ ಪುಸ್ತಕಗಳು ಈ ಎರಡನೆಯ ಕೊರತೆಯನ್ನು ಮುಟ್ಟುವುದೇ ಕಡಿಮೆ. ಆದ್ದರಿಂದ ಈ ಅಧ್ಯಾಯವನ್ನು ಅದಕ್ಕೇ ಮೀಸಲಿಟ್ಟಿದ್ದೇನೆ.

ಇದು ಹೊಸ ತಿಳಿವೇನಲ್ಲ. ಎರಡು ಸಾವಿರ ವರ್ಷಗಳ ಹಿಂದೆ ರೋಮಿನ ಸಿಸೆರೊ ಭಾಷಣಕಲೆಯನ್ನು ಐದು ಭಾಗ ಮಾಡಿ ವಿವರಿಸಿದ. ಹೇಳಬೇಕಾದುದನ್ನು ಹುಡುಕಿಕೊಳ್ಳುವುದು, ಅದನ್ನು ಅನುಕ್ರಮದಲ್ಲಿ ಇಡುವುದು, ತಕ್ಕ ಪದಗಳಲ್ಲಿ ಹೇಳುವುದು, ನೆನಪಿಟ್ಟುಕೊಳ್ಳುವುದು, ಸಭೆಯ ಮುಂದೆ ನುಡಿಯುವುದು. ಪದಗಳಿಗೆ ಅವನು ಕೊಟ್ಟದ್ದು ಮೂರನೆಯ ಸ್ಥಾನ. ನಾವು ಮೂರನೆಯದರಿಂದ ಶುರುಮಾಡುತ್ತೇವೆ, ಅಲ್ಲಿಯೇ ಸಿಕ್ಕಿಕೊಳ್ಳುತ್ತೇವೆ.

ಕೊಡಗಿನ ವಿಷಯಗಳು ಇಂಗ್ಲಿಷಿಗೆ ಹೋದ ಚರಿತ್ರೆ ನೋಡಿದರೂ ಕ್ರಮ ಇದೇ. ಅರಸ ದೊಡ್ಡವೀರರಾಜೇಂದ್ರ ತನ್ನ ವಂಶದ ಕಥೆಯನ್ನು, 1633ರಿಂದ 1807ರವರೆಗಿನದನ್ನು, ಕನ್ನಡದಲ್ಲಿ ‘ರಾಜೇಂದ್ರನಾಮೆ’ ಎಂದು ಬರೆಯಿಸಿದ. 1808ರಲ್ಲಿ ಅಬರ್‌ಕ್ರೋಂಬಿ ಎಂಬ ಸೇನಾಧಿಕಾರಿ ಅದನ್ನು ಇಂಗ್ಲಿಷಿಗೆ ತಂದ. ನಡಿಕೇರಿಯಂಡ ಚಿಣ್ಣಪ್ಪನವರು ಊರೂರು ತಿರುಗಿ ಕೊಡವರ ಹಾಡು, ಪದ್ಧತಿ, ಗಾದೆಗಳನ್ನು ಕೂಡಿಸಿ 1924ರಲ್ಲಿ ‘ಪಟ್ಟೋಲೆ ಪಳಮೆ’ಯನ್ನು ಕನ್ನಡ ಲಿಪಿಯಲ್ಲಿ ಅಚ್ಚುಹಾಕಿಸಿದರು. ಅವರ ಮೊಮ್ಮಕ್ಕಳಾದ ಬೊವ್ವೇರಿಯಂಡ ನಂಜಮ್ಮ ಮತ್ತು ಚಿಣ್ಣಪ್ಪ ದಂಪತಿಯ ಇಂಗ್ಲಿಷ್ ಅನುವಾದ ಬಂದದ್ದು 2003ರಲ್ಲಿ. ಸರಕು ಮೊದಲು ನಮ್ಮ ಮಾತಿನಲ್ಲಿ ಕೂಡಿಬಂತು, ಇಂಗ್ಲಿಷ್ ಅದರ ಹಿಂದೆ ಬಂತು.

ಇನ್ನು ಪರೀಕ್ಷೆಯ ಮಾತು. ವಿದೇಶಕ್ಕೆ ಹೋಗುವವರು ಬರೆಯುವ ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯಲ್ಲಿ ಮಾತಿನ ಭಾಗ 11ರಿಂದ 14 ನಿಮಿಷದ್ದು. ಮೊದಲು ಊರು, ಮನೆ, ಓದು, ಕೆಲಸದ ಬಗ್ಗೆ ಸರಳ ಪ್ರಶ್ನೆಗಳು. ಆಮೇಲೆ ಒಂದು ಚೀಟಿಯಲ್ಲಿ ವಿಷಯ ಕೊಡುತ್ತಾರೆ. ಒಂದು ನಿಮಿಷ ಯೋಚಿಸಿ, ಎರಡು ನಿಮಿಷದವರೆಗೆ ಒಬ್ಬರೇ ಮಾತಾಡಬೇಕು. ಕೊನೆಯ ನಾಲ್ಕೈದು ನಿಮಿಷ ಅದೇ ವಿಷಯದ ಮೇಲೆ ಚರ್ಚೆ. ಅಂಕ ಕೊಡುವುದು ನಾಲ್ಕು ಅಂಶಗಳಿಗೆ: ತಡೆಯಿಲ್ಲದ ಹೊಂದಿಕೆಯ ಮಾತು, ಪದಗಳ ಸಂಪತ್ತು, ವ್ಯಾಕರಣ, ಉಚ್ಚಾರಣೆ. ನಿಮ್ಮ ಅಭಿಪ್ರಾಯ ಸರಿಯೋ ತಪ್ಪೋ ಎಂಬುದಕ್ಕೆ ಅಂಕವಿಲ್ಲ. ಹಾಗಾದರೆ ವಿಷಯ ಏಕೆ ಬೇಕು? ಹೇಳುವುದು ಇಲ್ಲದವನ ಬಾಯಲ್ಲಿ ತಡೆಯಿಲ್ಲದ ಮಾತು ಬಾರದು, ಅದಕ್ಕೆ. ನಾಲ್ಕು ಅಂಶಗಳಲ್ಲಿ ಮೊದಲನೆಯದೇ ವಿಷಯದ ಮೇಲೆ ನಿಂತಿದೆ.

ಈಗ ಕೆಲಸವೆಂಬ ವಿಷಯವನ್ನು ಎತ್ತಿಕೊಳ್ಳೋಣ. ‘ಇಂದಿನ ಯುವಜನರು ಎಂಥ ಕೆಲಸವನ್ನು ಬಯಸುತ್ತಾರೆ?’ ಎಂದು ಕೇಳಿದರೆ ಹೆಚ್ಚಿನವರು ಸಾಫ್ಟ್‌ವೇರ್, ಒಳ್ಳೆಯ ಸಂಬಳ ಎಂದು ಶುರುಮಾಡಿ ಅಲ್ಲಿಗೇ ಮುಗಿಸುತ್ತಾರೆ. ಎಲ್ಲ ಊರಿನವರೂ ಹೇಳುವ ಉತ್ತರ ಅದು. ಕೊಡಗಿನಲ್ಲಿ ಬೆಳೆದವರ ಮನೆಯ ಅಂಗಳದಲ್ಲಿಯೇ ಇದಕ್ಕಿಂತ ಗಟ್ಟಿಯಾದ ವಿಷಯವಿದೆ. ಭಾರತದ ಕಾಫಿಯಲ್ಲಿ ಸುಮಾರು ಮೂರನೆಯ ಒಂದು ಪಾಲು ಈ ಒಂದು ಪುಟ್ಟ ಜಿಲ್ಲೆಯದು. ತೋಟದ ವರ್ಷ ಹೇಗೆ ಉರುಳುತ್ತದೆಂದು ನೆನೆಸಿಕೊಳ್ಳಿ. ಫೆಬ್ರವರಿ, ಮಾರ್ಚಿನಲ್ಲಿ ಹೂಮಳೆಗಾಗಿ ಆಕಾಶ ನೋಡುವುದು. ಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಗಿಡ ಬೆಳ್ಳಗೆ ಅರಳುವುದು. ಅರಳಿದ ದಿನವೇ ಮತ್ತೆ ಮಳೆ ಹೊಡೆದರೆ ಕಾಯಿ ಕಟ್ಟುವುದು ಕಡಿಮೆ. ಮಳೆ ಬಾರದಿದ್ದರೆ ಕೆರೆಗೆ ಪಂಪು ಇಟ್ಟು ಸ್ಪ್ರಿಂಕ್ಲರ್ ಹಾಕಬೇಕು; ಕೆರೆಯಿಲ್ಲದ ಸಣ್ಣ ಬೆಳೆಗಾರ ಕಾಯಬೇಕು. ಮುಂಗಾರಿಗೆ ಮೊದಲು ಬೋರ್ಡೋ ಹೊಡೆಯುವುದು: ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಆಮೇಲೆ ಕಪಾತು, ಚಿಗುರು ತೆಗೆಯುವುದು, ಮರಗಸಿ. ನವೆಂಬರಿನಿಂದ ಅರೇಬಿಕಾ ಕೊಯ್ಲು, ಪಲ್ಪರಿಗೆ ಹಾಕಿ ಪಾರ್ಚ್‌ಮೆಂಟ್ ಮಾಡುವುದು. ಹಿಂದೆಯೇ ರೋಬಸ್ಟಾ, ಹೆಚ್ಚಿನದು ಕಣದಲ್ಲಿ ಒಣಗಿ ಚೆರಿಯಾಗಿ 50 ಕಿಲೋದ ಚೀಲ ಸೇರುತ್ತದೆ.

ಇದು ಬರಿಯ ವಿವರ. ಚರ್ಚೆಗೆ ಬೇಕಾದ ವಿಚಾರ ಹುಟ್ಟುವುದು ಈ ವಿವರಕ್ಕೆ ಪ್ರಶ್ನೆ ಹಾಕಿದಾಗ. ಮೊದಲು ಹೇಗಿತ್ತು, ಈಗ ಹೇಗಿದೆ? ಲೈನ್‌ಮನೆಗಳಲ್ಲಿ ತಲೆಮಾರುಗಳಿಂದ ಇದ್ದ ಕುಟುಂಬಗಳ ಮಕ್ಕಳು ಇಂದು ಏನು ಮಾಡುತ್ತಿದ್ದಾರೆ? ಕೊಯ್ಲಿನ ಕಾಲದಲ್ಲಿ ಅಸ್ಸಾಮಿನಿಂದ ಕೆಲಸಗಾರರು ಬರುವುದು ಯಾಕೆ? ಚೆರಿಯ ಬೆಲೆ ಏರಿದಾಗ ಲಾಭ ಯಾರಿಗೆ, ಇಳಿದಾಗ ನಷ್ಟ ಯಾರಿಗೆ? ತೋಟಕ್ಕೆ ಆನೆ ಬಂದರೆ ಬೆಳಗಿನ ಕೆಲಸಕ್ಕೆ ನಡೆದುಹೋಗುವ ಹೆಂಗಸಿನ ಸುರಕ್ಷತೆ ಯಾರ ಹೊಣೆ? ಕಂಪ್ಯೂಟರ್ ಮುಂದೆ ಕೂತು ಮಾಡುವ ಕೆಲಸಕ್ಕೂ ಮಳೆಯನ್ನು ನಂಬಿ ಮಾಡುವ ಕೆಲಸಕ್ಕೂ ಇರುವ ವ್ಯತ್ಯಾಸ ಏನು? ಇಷ್ಟನ್ನು ಅವ್ವ, ಅಪ್ಪ, ಮೇಸ್ತ್ರಿ, ತೋಟದ ರೈಟರ ಹತ್ತಿರ ಕೇಳಿ ತಿಳಿದುಕೊಂಡವರು ಯುವಜನರ ಉದ್ಯೋಗದ ಪ್ರಶ್ನೆಗೆ ಎರಡು ನಿಮಿಷವಲ್ಲ, ಹತ್ತು ನಿಮಿಷ ಮಾತಾಡಬಲ್ಲರು. ಆ ಮಾತಿಗೆ ಬೇಕಾದ ಇಂಗ್ಲಿಷ್ ಪದಗಳಲ್ಲಿ ಅರ್ಧದಷ್ಟು ತೋಟದಲ್ಲಿ ದಿನಾ ಆಡುವಂಥವೇ.

ಆರೋಗ್ಯದ ವಿಷಯದಲ್ಲಿ ಎರಡು ಬಗೆಯ ಮಾತು ಬೇಕಾಗುತ್ತದೆ. ಎರಡನ್ನೂ ಬೇರೆ ಬೇರೆಯಾಗಿಯೇ ಸಿದ್ಧಮಾಡಿಕೊಳ್ಳಬೇಕು. ಒಂದು, ಸ್ವಂತ ಕಾಯಿಲೆಯನ್ನು ವೈದ್ಯರಿಗೆ ಹೇಳುವುದು. ಕನ್ನಡ ಬಾರದ ಡಾಕ್ಟರ ಎದುರು ‘ಪೇನ್, ಪೇನ್’ ಎಂದು ಹೊಟ್ಟೆ ಹಿಡಿದುಕೊಂಡರೆ ಅರ್ಧ ವಿಷಯ ತಲುಪುವುದಿಲ್ಲ. ವೈದ್ಯರು ಕೇಳುವ ಕ್ರಮ ಬಹುಮಟ್ಟಿಗೆ ಗೊತ್ತಿರುವುದೇ: ಎಲ್ಲಿ ನೋವು, ಯಾವಾಗ ಶುರುವಾಯಿತು, ಚುಚ್ಚುತ್ತದೆಯೋ ಉರಿಯುತ್ತದೆಯೋ ಹಿಂಡುತ್ತದೆಯೋ, ಬೇರೆ ಕಡೆಗೆ ಹರಡುತ್ತದೆಯೋ, ಯಾವುದರಿಂದ ಹೆಚ್ಚು, ಯಾವುದರಿಂದ ಕಡಿಮೆ, ಹತ್ತರಲ್ಲಿ ಎಷ್ಟು. ಜೊತೆಗೆ ಈಗ ತೆಗೆದುಕೊಳ್ಳುತ್ತಿರುವ ಮಾತ್ರೆ, ಒಗ್ಗದ ಔಷಧ. ಈ ಪ್ರಶ್ನೆಗಳಿಗೆ ನಿಮ್ಮ ಮನೆಯ ಹಿರಿಯರ ಉತ್ತರವನ್ನು ಕನ್ನಡದಲ್ಲಿ ಬರೆದಿಟ್ಟು, ಆಮೇಲೆ ಇಂಗ್ಲಿಷಿನಲ್ಲಿ ಹೇಳಿ ನೋಡಿ. ಪರೀಕ್ಷೆ ಇರಲಿ ಇಲ್ಲದಿರಲಿ, ಇದು ಒಂದು ದಿನ ಜೀವ ಉಳಿಸುವ ಸಿದ್ಧತೆ.

ನರ್ಸಿಂಗ್ ಓದಿದವರಿಗೆ ಇದರ ಮುಂದಿನ ಮೆಟ್ಟಿಲು ಓಇಟಿ ಎಂಬ ಇಂಗ್ಲಿಷ್ ಪರೀಕ್ಷೆ. ಅಲ್ಲಿ ಒಬ್ಬರು ರೋಗಿಯಾಗಿ ಅಥವಾ ರೋಗಿಯ ಕಡೆಯವರಾಗಿ ನಟಿಸುತ್ತಾರೆ, ನೀವು ನರ್ಸ್. ಸುಮಾರು ಐದೈದು ನಿಮಿಷದ ಎರಡು ಸಂಭಾಷಣೆ, ಪ್ರತಿಯೊಂದಕ್ಕೂ ಮೊದಲು ಚೀಟಿ ಓದಿ ಯೋಚಿಸಲು ಎರಡು ಮೂರು ನಿಮಿಷ. ಆಸ್ಪತ್ರೆಯ ಒಳಗೆ ಒಬ್ಬ ನರ್ಸ್ ವೈದ್ಯರಿಗೆ ರೋಗಿಯ ಸ್ಥಿತಿ ತಿಳಿಸಲು ಎಸ್‌ಬಿಎಆರ್ ಎಂಬ ಕ್ರಮವಿದೆ: ಈಗ ಏನಾಗುತ್ತಿದೆ, ಇದರ ಹಿನ್ನೆಲೆ ಏನು, ನನಗೆ ಏನೆನ್ನಿಸುತ್ತದೆ, ಏನು ಮಾಡಬೇಕು. ಅಮೆರಿಕದ ನೌಕಾಪಡೆಯ ಅಣುಶಕ್ತಿ ಸಬ್‌ಮೆರಿನ್‌ಗಳಲ್ಲಿ ಹುಟ್ಟಿ ಆಸ್ಪತ್ರೆಗೆ ಬಂದ ಕ್ರಮ ಇದು. ಗಾಬರಿಯಲ್ಲಿಯೂ ಮಾತು ತಪ್ಪದಿರಲಿ ಎಂದು ಇಂಗ್ಲಿಷ್ ಮಾತೃಭಾಷೆಯಾದವರೇ ವಿಚಾರದ ಕ್ರಮವನ್ನು ಮೊದಲೇ ಕಟ್ಟಿಟ್ಟುಕೊಂಡಿದ್ದಾರೆ. ನಾವು ಹಾಗೆ ಮಾಡುವುದರಲ್ಲಿ ಸಂಕೋಚವೇಕೆ?

ಎರಡನೆಯದು, ಆರೋಗ್ಯದ ಬಗ್ಗೆ ಚರ್ಚೆ: ಆಹಾರ, ವ್ಯಾಯಾಮ, ಹಳೆಯ ಮದ್ದು, ಹೊಸ ಮದ್ದು. ಇಲ್ಲಿ ಕೊಡಗಿನವರಿಗೆ ಆಗಸ್ಟ್ 3ರ ಕಕ್ಕಡ ಹದಿನೆಂಟು ಇದೆ. ಆ ದಿನ ಮದ್ದ್‌ಸೊಪ್ಪಿನಲ್ಲಿ ಹದಿನೆಂಟು ಬಗೆಯ ಔಷಧ ಸೇರುತ್ತದೆ ಎಂಬ ನಂಬಿಕೆ. ಸೊಪ್ಪು ಬೇಯಿಸಿದ ನೇರಳೆ ಬಣ್ಣದ ನೀರಿನಲ್ಲಿ ಪಾಯಸ ಮಾಡಿ ಉಣ್ಣುತ್ತೇವೆ. ಇದನ್ನು ಹೇಳುವಾಗ ನಂಬಿಕೆ ಯಾವುದು, ಪರೀಕ್ಷಿಸಿ ತಿಳಿದದ್ದು ಯಾವುದು ಎಂದು ಬೇರೆಮಾಡಿ ಹೇಳಿ. ಹಬ್ಬದ ಹುರುಪಿನಲ್ಲಿ ‘ಎಲ್ಲ ಕಾಯಿಲೆಗೂ ಮದ್ದು’ ಎಂದುಬಿಟ್ಟರೆ ಮುಂದಿನ ಪ್ರಶ್ನೆಗೆ ಸಿಕ್ಕಿಬೀಳುತ್ತೀರಿ. ‘ನಮ್ಮ ಹಿರಿಯರು ಹೀಗೆ ನಂಬಿದ್ದಾರೆ, ಸುರಿಮಳೆಯ ತಿಂಗಳಲ್ಲಿ ಮನೆಯವರೆಲ್ಲ ಕೂಡಿ ಉಣ್ಣುವ ಹಬ್ಬ ಇದು, ಜ್ವರ ಬಂದರೆ ಆಸ್ಪತ್ರೆಗೇ ಹೋಗುತ್ತೇವೆ’ ಎಂದರೆ ಅದು ಯೋಚಿಸಿದವರ ಉತ್ತರ.

ಪ್ರಯಾಣದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ, ಪ್ರವಾಸಿಗರ ಜಿಲ್ಲೆಯಲ್ಲಿ ಇದ್ದೇವೆ. ಆದರೆ ‘ಬ್ಯೂಟಿಫುಲ್ ಪ್ಲೇಸ್’ ಎಂಬ ಎರಡು ಪದಗಳಲ್ಲಿ ತಲಕಾವೇರಿಯನ್ನೂ ತಡಿಯಂಡಮೋಳನ್ನೂ ಮುಗಿಸಿಬಿಡಬೇಡಿ. ತಡಿಯಂಡಮೋಳು 1,748 ಮೀಟರ್, ಜಿಲ್ಲೆಯ ಅತಿ ಎತ್ತರದ ಶಿಖರ. ಕೊಡಗಿನಲ್ಲಿ ರೈಲು ಓಡುವುದಿಲ್ಲ. ಮೈಸೂರಿನಿಂದಲೋ ಮಂಗಳೂರಿನಿಂದಲೋ ಕಣ್ಣೂರು ಕಡೆಯಿಂದಲೋ ರಸ್ತೆ ಹಿಡಿದೇ ಬರಬೇಕು. ಜಿಲ್ಲೆಗೆ ರೈಲು ಬೇಕೆ, ಬೇಡವೆ? ಪ್ರವಾಸಿಗರು ಹೆಚ್ಚಿದರೆ ನೀರಿಗೆ, ಕಸಕ್ಕೆ, ಕಾಡಿಗೆ ಏನಾಗುತ್ತದೆ? ಹೋಂಸ್ಟೇಯಿಂದ ಬದುಕು ಕಟ್ಟಿಕೊಂಡ ಮನೆಗೆ ಈ ಪ್ರಶ್ನೆ ಹೇಗೆ ಕಾಣುತ್ತದೆ? ಪರ ವಿರೋಧ ಎರಡೂ ನಿಮ್ಮೂರಿನ ಬಸ್‌ಸ್ಟ್ಯಾಂಡಿನಲ್ಲಿಯೇ ಸಿಗುತ್ತವೆ.

ಸಂಪರ್ಕದ ವಿಷಯಕ್ಕೆ 2018ರ ಆಗಸ್ಟ್ ಸಾಕು. ಆ ಮಳೆಗೆ ಬೆಟ್ಟ ಕುಸಿದು ಜೋಡುಪಾಲ, ಮಕ್ಕಂದೂರು, ಕಾಲೂರಿನ ಕಡೆಯ ಜನ ಮನೆಮಾರು ಬಿಟ್ಟು ಪರಿಹಾರ ಶಿಬಿರ ಸೇರಿದರು. ಮಡಿಕೇರಿ-ಸಂಪಾಜೆ ರಸ್ತೆ ಕಡಿಯಿತು. ಕರೆಂಟಿಲ್ಲ, ಮೊಬೈಲ್ ಚಾರ್ಜಿಲ್ಲ, ನೆಟ್‌ವರ್ಕಿಲ್ಲ. ದುಬೈನಲ್ಲಿಯೋ ಬೆಂಗಳೂರಿನಲ್ಲಿಯೋ ಇದ್ದ ಮಕ್ಕಳು ಅಪ್ಪ ಅವ್ವನ ದನಿಗಾಗಿ ಕಾತರಿಸಿದರು. ‘ಮೊಬೈಲ್ ಜನರನ್ನು ಹತ್ತಿರ ತಂದಿದೆಯೇ?’ ಎಂಬ ಸವೆದುಹೋದ ಪ್ರಶ್ನೆಗೆ ಆ ವಾರವನ್ನು ಕಂಡವರ ಉತ್ತರ ಬೇರೆಯೇ ಇರುತ್ತದೆ. ಗಮನಿಸಿ: ಈ ಒಂದೇ ಘಟನೆ ನಾಲ್ಕು ವಿಷಯಕ್ಕೂ ಒದಗುತ್ತದೆ. ತೋಟ ಕಳೆದುಕೊಂಡವರ ಕೆಲಸ, ಶಿಬಿರದಲ್ಲಿದ್ದವರ ಆರೋಗ್ಯ, ಮುಚ್ಚಿದ ರಸ್ತೆಯ ಪ್ರಯಾಣ, ಕಡಿದ ಸಂಪರ್ಕ. ನೂರು ವಿಷಯಕ್ಕೆ ನೂರು ಉತ್ತರ ಸಿದ್ಧಮಾಡಿಕೊಳ್ಳುವ ಬದಲು, ಚೆನ್ನಾಗಿ ಬಲ್ಲ ನಾಲ್ಕೈದು ಸಂಗತಿಗಳನ್ನು ಆಳವಾಗಿ ತಿಳಿದಿಟ್ಟುಕೊಳ್ಳುವುದು ಎಷ್ಟೋ ಲೇಸು.

ಒಂದು ಎಚ್ಚರಿಕೆ ಅಗತ್ಯ. ವಿಚಾರವನ್ನು ಕನ್ನಡದಲ್ಲೋ ಕೊಡವ ತಕ್ಕ್‌ನಲ್ಲೋ ಅರೆಭಾಷೆಯಲ್ಲೋ ಕೂಡಿಸಿಕೊಳ್ಳಿ. ವಾಕ್ಯಗಳನ್ನು ಮಾತ್ರ ಅಲ್ಲಿ ಕಟ್ಟಬೇಡಿ. ಕನ್ನಡ ವಾಕ್ಯವನ್ನು ಬರೆದು ಒಂದೊಂದೇ ಪದ ತಿರುಗಿಸಿದರೆ ಕ್ರಿಯಾಪದ ಕೊನೆಗೆ ಉಳಿದು ಮಾತು ಮುಗ್ಗರಿಸುತ್ತದೆ. ಒಂದು ಕಾಗದದ ಮೇಲೆ ಏಳೆಂಟು ಪದ ಸಾಕು: ಹೂಮಳೆ, ಸ್ಪ್ರಿಂಕ್ಲರ್, ಸಣ್ಣ ಬೆಳೆಗಾರ, ಅಸ್ಸಾಂ, ಬೆಲೆ, ಅಣ್ಣ ಬೆಂಗಳೂರಿಗೆ. ಅದನ್ನು ನೋಡುತ್ತ ಚಿಕ್ಕ ಚಿಕ್ಕ ಇಂಗ್ಲಿಷ್ ವಾಕ್ಯಗಳಲ್ಲಿ ಮಾತಾಡಿ, ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕೇಳಿ, ಮರುದಿನ ಅದೇ ಪದಗಳಿಂದ ಬೇರೆ ವಾಕ್ಯ ಮಾಡಿ. ಪೂರ್ತಿ ಉತ್ತರವನ್ನು ಬಾಯಿಪಾಠ ಮಾಡಿದವರನ್ನು ಪರೀಕ್ಷಕರು ಗುರುತಿಸುತ್ತಾರೆ, ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ ಕೇಳುತ್ತಾರೆ, ಅಲ್ಲಿಗೆ ಪಾಠ ಕೈಕೊಡುತ್ತದೆ.

ಯೋಚಿಸಲು ಸಮಯ ಕೊಟ್ಟರೆ ಮಾತು ಸುಧಾರಿಸುತ್ತದೆ ಎಂಬುದು ಬರಿಯ ಅನುಭವದ ಮಾತಲ್ಲ. ಪಾಲಿನ್ ಫಾಸ್ಟರ್ ಮತ್ತು ಪೀಟರ್ ಸ್ಕೆಹನ್ ಎಂಬ ಭಾಷಾತಜ್ಞರು 1996ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಾತಿಗೆ ಮುನ್ನ ಹತ್ತು ನಿಮಿಷ ಸಿದ್ಧತೆಗೆ ಸಿಕ್ಕ ಇಂಗ್ಲಿಷ್ ಕಲಿಯುವವರು ಹೆಚ್ಚು ಸರಾಗವಾಗಿ, ಹೆಚ್ಚು ವಿಸ್ತಾರದ ವಾಕ್ಯಗಳಲ್ಲಿ ಮಾತಾಡಿದ್ದು ಕಂಡುಬಂತು.

ಕೊಡಗಿನ ಶಾಲೆ ಕಾಲೇಜುಗಳ ಇಂಗ್ಲಿಷ್ ಮೇಷ್ಟ್ರುಗಳಲ್ಲಿ, ಟೀಚರುಗಳಲ್ಲಿ ನನ್ನ ವಿನಂತಿ ಒಂದೇ. ಸ್ಪೋಕನ್ ಇಂಗ್ಲಿಷ್ ತರಗತಿಯ ಮೊದಲ ಹತ್ತು ನಿಮಿಷ ಮಕ್ಕಳು ತಮ್ಮ ತಮ್ಮ ಮನೆಮಾತಿನಲ್ಲಿಯೇ ವಿಷಯವನ್ನು ಚರ್ಚಿಸಲಿ. ಯರವ ಹುಡುಗಿ ತನ್ನ ಭಾಷೆಯಲ್ಲಿ, ಮಲಯಾಳ ಮಾತಾಡುವವನು ತನ್ನದರಲ್ಲಿ, ಕೊಡವ ಮಕ್ಕಳು ತಕ್ಕ್‌ನಲ್ಲಿ. ಆ ಹತ್ತು ನಿಮಿಷ ‘ಓನ್ಲಿ ಇಂಗ್ಲಿಷ್’ ಎಂದು ಗದರಬೇಡಿ. ಉಳಿದ ಮೂವತ್ತು ನಿಮಿಷದಲ್ಲಿ ಅವರ ಇಂಗ್ಲಿಷ್ ಎಷ್ಟು ಬದಲಾಗುತ್ತದೆಂದು ಒಂದು ತಿಂಗಳು ನೋಡಿ, ಆಮೇಲೆ ನಿರ್ಧರಿಸಿ.