ಇನ್ನೊಂದು ಬಿಸಿಲು ಬೇಕು

ಏಪ್ರಿಲ್ ಎರಡನೇ ವಾರ ಶಾಲೆಗಳಿಗೆ ರಜೆ ಸಿಕ್ಕಿತೆಂದರೆ ಪುತ್ತೂರು, ಸುಳ್ಯ ಕಡೆಯ ತೋಟದ ಮನೆಗಳಲ್ಲಿ ಉಸಿರಾಡಲು ಪುರುಸೊತ್ತಿಲ್ಲದ ಕಾಲ ಶುರು. ಬೆಂಗಳೂರು, ಮೈಸೂರುಗಳಲ್ಲಿ ರಾತ್ರಿ ಬಸ್ಸು ಹತ್ತಿದ ಮಕ್ಕಳು ಬೆಳಗ್ಗೆ ಕಣ್ಣುಜ್ಜಿಕೊಳ್ಳುತ್ತಾ ಜಗಲಿ ಹತ್ತುವಾಗ ಅಂಗಳದಲ್ಲಿ ಕೊನೆಯ ಕೊಯ್ಲಿನ ಅಡಿಕೆ ಒಣಗುತ್ತಿರುತ್ತದೆ, ಗುಡ್ಡೆಯಲ್ಲಿ ಗೇರುಬೀಜ ಉದುರುತ್ತಿರುತ್ತದೆ, ಹಲಸಿನ ಮರದಲ್ಲಿ ಬುಡದಿಂದಲೇ ಕಾಯಿ ಬಲಿತು ನಿಂತಿರುತ್ತದೆ. ತೋಟಕ್ಕೆ ನೀರು ಬಿಡುವ ಕೆಲಸ ಬೇರೆ. ಜೂನ್ ಮೊದಲ ವಾರ ಮುಂಗಾರು ಹಿಡಿದರೆ ಮತ್ತೆ ತಿಂಗಳುಗಟ್ಟಲೆ ಅಂಗಳಕ್ಕೆ ನಂಬುವಂಥ ಬಿಸಿಲು ಬೀಳುವುದಿಲ್ಲ. ಆ ಮಳೆಗಾಲಕ್ಕೆ ಬೇಕಾದ ಕಟ್ಟಿಗೆ, ಹಪ್ಪಳ, ಉಪ್ಪುಸೊಳೆ, ಉಪ್ಪಿನಕಾಯಿ, ಒಣಗಿಸಿದ ಪುನರ್ಪುಳಿ ಸಿಪ್ಪೆ ಎಲ್ಲವೂ ಅಷ್ಟರೊಳಗೆ ಮನೆ ಸೇರಬೇಕು. ವರ್ಷದ ಅತಿ ಹೆಚ್ಚು ಕೆಲಸ ಮತ್ತು ಅತಿ ಹೆಚ್ಚು ಮಕ್ಕಳು ಒಂದೇ ಅಂಗಳಕ್ಕೆ ಬಂದಿಳಿಯುವುದು ಹೀಗೆ.

ನಮ್ಮದೂ ಅಂಥದೊಂದು ಮನೆ. ನನ್ನ ಮಕ್ಕಳು, ನಾದಿನಿಯ ಮಕ್ಕಳು, ಮೈದುನನ ಮಕ್ಕಳು ಸೇರಿದರೆ ಬೆಳಗ್ಗೆ ಆರೂವರೆಯಿಂದಲೇ ನನಗೆ ಅಮ್ಮಾ, ಅತ್ತೇ, ದೊಡ್ಡಮ್ಮಾ ಎಂಬ ಮೂರು ಕೂಗು ಮೂರು ದಿಕ್ಕಿನಿಂದ ಬರುತ್ತವೆ. ಒಬ್ಬನಿಗೆ ಚಡ್ಡಿಯ ಗುಂಡಿ ಹಾಕಬೇಕು, ಒಬ್ಬಳಿಗೆ ಜಡೆ ಹೆಣೆಯಬೇಕು, ಇನ್ನೊಬ್ಬನಿಗೆ ಹಟ್ಟಿಯ ಕರುವನ್ನು ಈಗಲೇ ನೋಡಬೇಕು. ಕಾವಲಿಯ ಮೇಲೆ ನೀರುದೋಸೆ ಒಂದೊಂದೇ ಏಳುತ್ತದೆ. ತಟ್ಟೆಗಳು ಮಾತ್ರ ಎಲ್ಲವೂ ಒಟ್ಟಿಗೆ ಮುಂದೆ ಬರುತ್ತವೆ. ಹಲಸು ಹಣ್ಣಾಗತೊಡಗಿದ ಮೇಲೆ ಹಣ್ಣಿನದೇ ದೋಸೆ, ಅದರ ಮೇಲೆ ತುಪ್ಪ. ತಿಂಡಿ ಮುಗಿದ ಕೂಡಲೇ ಅವರು ಕಾಟುಮಾವಿನ ಮರದ ಬುಡಕ್ಕೆ ಓಡುತ್ತಾರೆ. ರಾತ್ರಿ ಗಾಳಿ ಬೀಸಿದ್ದರೆ ಬುಟ್ಟಿ ತುಂಬ ಹಣ್ಣು. ಅಂಗೈ ತುಂಬದ ಸಣ್ಣ ಹಣ್ಣುಗಳು, ನಾರೇ ಹೆಚ್ಚು, ರಸ ಮಾತ್ರ ಯಾವ ಪೇಟೆಯ ಹಣ್ಣಿಗೂ ಇಲ್ಲದಷ್ಟು ಘಮ. ಅರ್ಧ ಅಲ್ಲೇ ಹೊಟ್ಟೆಗೆ ಹೋಗುತ್ತದೆ. ಉಳಿದರ್ಧ ಮಧ್ಯಾಹ್ನಕ್ಕೆ ಗೊಜ್ಜಾಗುತ್ತದೆ, ಸಾಸಿವೆಯಾಗುತ್ತದೆ. ಇನ್ನೂ ಮಿಕ್ಕರೆ ರಸ ಹಿಂಡಿ ಚಾಪೆಯ ಮೇಲೆ ಹಚ್ಚುತ್ತೇವೆ. ನಿನ್ನೆಯ ಪದರ ಒಣಗಿದ ಮೇಲೆ ಇವತ್ತಿನದು, ಇವತ್ತಿನದರ ಮೇಲೆ ನಾಳೆಯದು. ಹೀಗೆ ಪದರ ಕೂಡಿ ಮಾಂಬಳವಾಗುತ್ತದೆ.

ಎಲ್ಲಕ್ಕಿಂತ ದೊಡ್ಡದು ಹಪ್ಪಳದ ದಿನ.

ಹಪ್ಪಳಕ್ಕೆ ಹಲಸಿನ ಹಣ್ಣು ಆಗದು, ಎಳೆಯದೂ ಆಗದು. ಬೆಳೆದ ಕಾಯಿಯೇ ಆಗಬೇಕು, ಅದರಲ್ಲೂ ಬಕ್ಕೆ ಹಲಸು. ಮಾವನವರು ಹಿಂದಿನ ದಿನವೇ ಮರಕ್ಕೆ ಸುತ್ತು ಹಾಕಿ, ಕಾಯಿಯ ಮೇಲೆ ಬಡಿದು, ಶಬ್ದ ಕೇಳಿ ಗುರುತು ಮಾಡಿಟ್ಟಿರುತ್ತಾರೆ. ಬೆಳಗ್ಗೆ ಹಗ್ಗ ಕಟ್ಟಿ ಇಳಿಸುವಾಗ ಮಕ್ಕಳೆಲ್ಲ ದೂರದಲ್ಲಿ ಸಾಲಾಗಿ ನಿಂತು ನೋಡುತ್ತಾರೆ. ಗೋಣಿ ಹಾಸಿ, ಕತ್ತಿಗೂ ಕೈಗೂ ತೆಂಗಿನೆಣ್ಣೆ ಸವರಿಕೊಂಡು ಕೊಯ್ಯಲು ಕೂತರೆ ಮೇಣದ ವಾಸನೆ ಜಗಲಿಯನ್ನೆಲ್ಲ ತುಂಬುತ್ತದೆ. ಸೊಳೆ ಬಿಡಿಸುವ ಕೆಲಸದಲ್ಲಿ ಮಕ್ಕಳಿಗೂ ಪಾಲುಂಟು. ಒಂಬತ್ತು, ಹತ್ತು ವರ್ಷದವರು ಸೊಳೆ ಸೀಳಿ ಬೇಳೆ ತೆಗೆಯುತ್ತಾರೆ. ಅದಕ್ಕಿಂತ ಸಣ್ಣವರು ಬೇಳೆಯನ್ನು ಬುಟ್ಟಿಗೆ ತುಂಬುತ್ತಾರೆ. ಆ ಬೇಳೆಗೆ ಕೆಂಪು ಮಣ್ಣು ಕಲಸಿ ಇಟ್ಟರೆ ಮಳೆಗಾಲದಲ್ಲಿ ಸಾಂಬಾರಿಗೂ ಆಯಿತು, ಕೆಂಡದಲ್ಲಿ ಸುಟ್ಟು ತಿನ್ನುವುದಕ್ಕೂ ಆಯಿತು.

ಸೊಳೆಯನ್ನು ಅಟ್ಟಿನಳಗೆಯ ಹಬೆಯಲ್ಲಿ ಬೇಯಿಸಿ, ಬಿಸಿ ಆರುವ ಮೊದಲೇ ಗುದ್ದಬೇಕು. ಆರಿದರೆ ಗಟ್ಟಿಯಾಗಿ ನುಣ್ಣಗಾಗುವುದಿಲ್ಲ, ಹಪ್ಪಳ ಅಂಚಿನಲ್ಲಿ ಒಡೆಯುತ್ತದೆ. ಮಕ್ಕಳ ಅಜ್ಜಿಯಾದ ನನ್ನ ಅತ್ತೆಯ ಹರೆಯದಲ್ಲಿ ಇಬ್ಬರು ಎದುರು ಬದುರು ನಿಂತು ಒರಳಿಗೆ ಒನಕೆ ಹಾಕುತ್ತಿದ್ದರಂತೆ. ಈಗ ಮಿಷನ್ನಿಗೆ ಹಾಕಿ ಅರೆಯುತ್ತೇವೆ. ಉಪ್ಪು, ಮೆಣಸು, ಕೊತ್ತಂಬರಿ ಸೇರಿದ ಹಿಟ್ಟು ಹೊರಗೆ ಬಂದ ಗಳಿಗೆಗೆ ಮಕ್ಕಳು ಕಾದು ಕೂತಿರುತ್ತಾರೆ. ಅಜ್ಜಿ ಒಬ್ಬೊಬ್ಬರ ಅಂಗೈಗೂ ಒಂದೊಂದು ಉಂಡೆ ಹಾಕಿ, ಮೇಲೆ ನಾಲ್ಕು ಹನಿ ತೆಂಗಿನೆಣ್ಣೆ ಬಿಡುತ್ತಾರೆ. ಕರಿದ ಹಪ್ಪಳಕ್ಕಿಂತ ಈ ಹಸಿ ಹಿಟ್ಟೇ ಹೆಚ್ಚು ರುಚಿ ಎಂಬ ಮಾತಿನಲ್ಲಿ ನಮ್ಮ ಮನೆಯ ಮೂರು ತಲೆಮಾರಿಗೂ ಒಮ್ಮತವಿದೆ.

ಎಣ್ಣೆ ಸವರಿದ ಪ್ಲಾಸ್ಟಿಕ್ ಹಾಳೆಗಳ ನಡುವೆ ಉಂಡೆ ಇಟ್ಟು ಮೇಲಿಂದ ಮಣೆ ಒತ್ತಬೇಕು. ಒಮ್ಮೆ ಮೂರು ವರ್ಷದವನು ಮಣೆಯ ಮೇಲೆ ಕೂತೇ ಬಿಟ್ಟ. ಅವನ ಭಾರಕ್ಕೆ ಹಪ್ಪಳ ದಪ್ಪಗೇ ಉಳಿಯಿತು. ಅಕ್ಕ ಬಂದು ಅವನನ್ನು ಎಬ್ಬಿಸಿ ಎರಡೂ ಕೈಯೂರಿ ಒತ್ತಿದಳು. ತೆಳ್ಳಗೆ, ದುಂಡಗೆ ಬಂತು. ಆಮೇಲೆ ಇಬ್ಬರೂ ಸೇರಿ ಒತ್ತಿದರು. ಅವನು ಒತ್ತಿದ ದಪ್ಪ ಹಪ್ಪಳವನ್ನು ಅಜ್ಜಿ ಮುದ್ದೆ ಮಾಡಿ ಹಿಟ್ಟಿಗೆ ಸೇರಿಸಲಿಲ್ಲ, ಚಾಪೆಯ ಒಂದು ಮೂಲೆಯಲ್ಲಿ ಬೇರೆಯೇ ಹರಡಿದರು. ಅವನು ಇಡೀ ದಿನ ಅದನ್ನೇ ಹೋಗಿ ಹೋಗಿ ನೋಡಿದ.

“ಅಜ್ಜೀ, ಇದು ಒಣಗಿತಾ?”

“ಮುಟ್ಟಬೇಡ ಮಗಾ. ಇನ್ನೊಂದು ಬಿಸಿಲು ಬೇಕು.”

ಸಂಜೆ ಎಲ್ಲವನ್ನೂ ಮಗುಚಿ ಹಾಕುವುದು, ರಾತ್ರಿ ಚಾಪೆ ಸಮೇತ ಒಳಗೆ ತರುವುದು, ಮರುದಿನ ಬೆಳಗ್ಗೆ ಮತ್ತೆ ಹೊರಗೆ. ಹಗಲೆಲ್ಲ ಕಾಗೆ ಕಾಯಲು ಒಬ್ಬರು ಬೇಕು. ಆ ಕೆಲಸಕ್ಕೆ ಏಳು ವರ್ಷದವನನ್ನು ಕೂರಿಸುತ್ತೇವೆ, ಕೈಗೊಂದು ಕೋಲು ಕೊಟ್ಟು. ಮೊದಲ ಅರ್ಧ ಗಂಟೆ ಅವನಿಗೆ ಹುರುಪು, ಆಮೇಲೆ ಬೇಜಾರು. ಮೊಬೈಲ್ ಕೇಳಿದ, ಸಿಗಲಿಲ್ಲ. ಸ್ವಲ್ಪ ಹೊತ್ತಿಗೆ ನೋಡಿದರೆ ಜಗಲಿಯ ಅಂಚಿನಲ್ಲಿ ಬೋರಲು ಮಲಗಿ, ಸತ್ತ ಜೀರುಂಡೆಯನ್ನು ಇರುವೆಗಳು ಎಳೆಯುವುದನ್ನು ನೋಡುತ್ತಿದ್ದಾನೆ, ಕೋಲು ಕೈಯಲ್ಲೇ ಇದೆ, ಕಾಗೆ ಬಂದಾಗ ತಲೆ ಎತ್ತದೆಯೇ ಬೀಸುತ್ತಾನೆ. ಊಟಕ್ಕೆ ಕರೆದರೆ ‘ಹಪ್ಪಳ ಯಾರು ನೋಡುವುದು’ ಎಂದು ನನ್ನನ್ನೇ ಕೇಳಿದ. ಮನೆಯ ಕೆಲಸದಲ್ಲಿ ತನ್ನದೊಂದು ಪಾಲಿದೆ ಎಂದು ತಿಳಿದ ಮಗುವಿನ ನಡಿಗೆ ಆ ದಿನದಿಂದಲೇ ಬೇರೆಯಾಗುತ್ತದೆ. ಇದನ್ನು ನಾನು ಪ್ರತಿ ಬೇಸಿಗೆಯಲ್ಲೂ ಕಂಡಿದ್ದೇನೆ.

ಎಲ್ಲ ಕೆಲಸಕ್ಕೂ ಮಕ್ಕಳನ್ನು ಬಿಡುವಂತಿಲ್ಲ. ಗೇರುಹಣ್ಣು ಹೆಕ್ಕುವುದು ಸರಿ, ಬೀಜದ ಸಿಪ್ಪೆ ಕಚ್ಚುವುದು ಬೇಡ. ಅದರ ಎಣ್ಣೆ ತಾಗಿದರೆ ತುಟಿ ಸುಟ್ಟು ಬೊಬ್ಬೆ ಏಳುತ್ತದೆ. ಬೀಜ ಸುಡುವಾಗ ಹೊಗೆಯ ಹತ್ತಿರವೂ ಬರಕೂಡದು. ಮೇ ಕೊನೆಯಲ್ಲಿ ಅಡಿಕೆಯ ಕೊಳೆರೋಗಕ್ಕೆಂದು ಬೋರ್ಡೋ ದ್ರಾವಣ ತಯಾರಿಸುವ ದಿನ, ಅಂದರೆ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಸೇರಿಸುವಾಗ, ಆ ನೀಲಿ ಡ್ರಮ್ಮಿನ ಕಡೆಗೆ ಯಾರೂ ಸುಳಿಯಬಾರದು. ಎಲ್ಲಕ್ಕಿಂತ ಬಿಗಿ ನೀರಿನ ವಿಷಯದಲ್ಲಿ. ಏಪ್ರಿಲ್‌ನಲ್ಲಿ ಪಯಸ್ವಿನಿ ಹೊಳೆ ಕಲ್ಲು ಕಾಣುವಷ್ಟು ಇಳಿದರೂ ಗುಂಡಿಗಳಲ್ಲಿ ಆಳ ಉಳಿದೇ ಇರುತ್ತದೆ. ತೋಟದ ಕೆರೆಯೂ ಅಷ್ಟೆ. ರಜೆಗೆ ಬಂದ ಮಕ್ಕಳು ನೀರಿನಲ್ಲಿ ಮುಳುಗಿದ ಸುದ್ದಿಯಿಲ್ಲದೆ ನಮ್ಮ ಜಿಲ್ಲೆಯಲ್ಲಿ ಬೇಸಿಗೆ ಕಳೆಯುವುದು ಅಪರೂಪ. ಈಜು ಬಲ್ಲ ದೊಡ್ಡವರು ಜೊತೆಗಿಲ್ಲದೆ ಹೊಳೆಗೂ ಇಲ್ಲ, ಕೆರೆಗೂ ಇಲ್ಲ. ಅತ್ತರೂ ಇಲ್ಲ. ಅವರ ಸೆಕೆಗೆ ತೋಟದ ಸ್ಪ್ರಿಂಕ್ಲರ್ ಇದೆ. ಅದು ತಿರುಗಿ ಬರುವುದನ್ನೇ ಕಾದು ಕಿರುಚುತ್ತಾ ಒದ್ದೆಯಾಗುತ್ತಾರೆ, ಬಿದ್ದ ಅಡಿಕೆ ಹಾಳೆಯ ಮೇಲೆ ಒಬ್ಬರನ್ನು ಕೂರಿಸಿ ಇನ್ನೊಬ್ಬರು ಎಳೆಯುತ್ತಾರೆ, ಹಾಳೆ ಹರಿಯುವವರೆಗೂ.

ನಡುವೆ ವಿಷು, ಮದುವೆ, ಉಪನಯನ, ಗೃಹಪ್ರವೇಶ. ಒಂದೇ ದಿನ ಮೂರು ಕಡೆ ಊಟದ ಹೇಳಿಕೆಯಿದ್ದರೆ ಮನೆಯ ದೊಡ್ಡವರು ಮೂರು ಪಾಲಾಗುತ್ತಾರೆ. ಏಪ್ರಿಲ್ 10ರಿಂದ ಪುತ್ತೂರು ಮಹಾಲಿಂಗೇಶ್ವರ ದೇವಸ್ಥಾನದ ಜಾತ್ರೆ. 17ರಂದು ಬ್ರಹ್ಮರಥ, ಆ ರಾತ್ರಿ ಪುತ್ತೂರ ಬೆಡಿ, ಅಂದರೆ ಸಿಡಿಮದ್ದಿನ ಸಂಭ್ರಮ. ಚರುಮುರಿ, ಬಲೂನು, ತೊಟ್ಟಿಲು ಎಲ್ಲ ಮುಗಿದು, ಮೊದಲ ಬೆಡಿ ಸಿಡಿಯುವಾಗ ಸಣ್ಣವರು ಹೆಗಲ ಮೇಲೆ ನಿದ್ದೆ ಹೋಗಿರುತ್ತಾರೆ. ಮೇ 24ರ ಆಸುಪಾಸಿಗೆ ಪತ್ತನಾಜೆ ಬಂದರೆ ಯಕ್ಷಗಾನ ಮೇಳಗಳ ತಿರುಗಾಟ ಮುಗಿಯುತ್ತದೆ, ಗೆಜ್ಜೆ ಬಿಚ್ಚುತ್ತಾರೆ. ಅಷ್ಟರೊಳಗೆ ಒಂದಾದರೂ ಆಟ ತೋರಿಸಲೇಬೇಕೆಂದು ಮಾವನವರ ಹಟ. ರಾಕ್ಷಸ ವೇಷಕ್ಕೆ ಹೆದರಿ ಅಜ್ಜನ ಪಂಚೆಯೊಳಗೆ ಮುಖ ಹುದುಗಿಸಿದವನೇ ಮರುದಿನ ಬಾಳೆಎಲೆಯ ಕಿರೀಟ ಕಟ್ಟಿಕೊಂಡು ಅಂಗಳದಲ್ಲಿ ಕುಣಿಯುತ್ತಾನೆ.

ಮೇ ಮಧ್ಯಕ್ಕೆ ಮಧ್ಯಾಹ್ನದ ಮೋಡ ಶುರು. ಮೂಡಣ ದಿಕ್ಕಿನಲ್ಲಿ ಕಪ್ಪು ಕಟ್ಟುತ್ತದೆ, ಗಾಳಿ ನಿಲ್ಲುತ್ತದೆ, ಬೆವರು ಇಳಿಯುತ್ತದೆ. ‘ಮಳೆ ಬಂತು!’ ಎಂದು ಯಾರಾದರೂ ಕೂಗಿದರೆ ಸಾಕು. ಊಟದ ಬಟ್ಟಲು ಬಿಟ್ಟವರು, ಸ್ನಾನ ಅರ್ಧಕ್ಕೆ ಬಿಟ್ಟವರು, ಎಲ್ಲರೂ ಅಂಗಳದಲ್ಲಿ. ಗಂಡಸರು ಅಡಿಕೆ ರಾಶಿ ಮಾಡಿ ಟಾರ್ಪಾಲು ಎಳೆಯುತ್ತಾರೆ, ನಾವು ಹಪ್ಪಳದ ಚಾಪೆಗೆ ಕೈ ಹಾಕುತ್ತೇವೆ, ಮಕ್ಕಳು ಪುನರ್ಪುಳಿ ಸಿಪ್ಪೆಯ ಗೆರಸೆ ಹೊತ್ತು ಓಡುತ್ತಾರೆ. ದಪ್ಪ ಹನಿ ಬೀಳುವಾಗ ಮೂರು ವರ್ಷದವನು ತನ್ನ ಹಪ್ಪಳವನ್ನು ಎರಡೂ ಕೈಯಲ್ಲಿ ಎದೆಗೊತ್ತಿ ಹಿಡಿದಿದ್ದ. ಸಿಡಿಲು ಬಡಿದು ಕರೆಂಟು ಹೋಯಿತು. ಮಳೆ ನಿಂತ ಮೇಲೆ ದೀಪದ ಸುತ್ತ ರೆಕ್ಕೆಯ ಹುಳಗಳು, ತೋಟದ ಕತ್ತಲಲ್ಲಿ ಮಿಣುಕುಹುಳಗಳು.

ರಾತ್ರಿ ಚಾವಡಿಯಲ್ಲಿ ಉದ್ದಕ್ಕೆ ಹಾಸಿಗೆ. ಫ್ಯಾನಿನ ಕೆಳಗಿನ ಜಾಗಕ್ಕೆ ಜಗಳ. ನಾದಿನಿ ಮಕ್ಕಳನ್ನು ಬಿಟ್ಟು ಭಾನುವಾರ ರಾತ್ರಿಯೇ ಬಸ್ಸು ಹತ್ತಿದವಳು, ಸೋಮವಾರ ಆಫೀಸು. ನೆಟ್‌ವರ್ಕ್ ಸಿಗುವುದು ಜಗಲಿಯ ಒಂದು ಮೂಲೆಯಲ್ಲಿ ಮಾತ್ರ. ಹಗಲೆಲ್ಲ ಕುಣಿದ ಅವಳ ಮಗಳು ಅಲ್ಲಿ ನಿಂತು ಅಮ್ಮನ ದನಿ ಕೇಳಿದ ಕೂಡಲೇ ಬಿಕ್ಕತೊಡಗುತ್ತಾಳೆ. ಆ ಕಡೆಯಿಂದಲೂ ಮಾತು ನಿಲ್ಲುತ್ತದೆ. ಅಜ್ಜಿ ಏನೂ ಹೇಳುವುದಿಲ್ಲ. ಪಕ್ಕಕ್ಕೆ ಎಳೆದು ಮಲಗಿಸಿಕೊಂಡು ಹಾಳೆಯ ಬೀಸಣಿಗೆಯಲ್ಲಿ ಗಾಳಿ ಹಾಕುತ್ತಾರೆ, ಮಗುವಿನ ಉಸಿರು ಉದ್ದವಾಗುವವರೆಗೂ.

ಹಾಗೆ ಗಾಳಿ ಹಾಕುವ ಕೈಗೆ ಎಪ್ಪತ್ತು ದಾಟಿದೆ. ಬೆಳಗ್ಗೆ ಐದಕ್ಕೆ ಎಲ್ಲರಿಗಿಂತ ಮೊದಲು ಒಲೆ ಹಚ್ಚುವುದೂ ಅದೇ ಕೈ. ಮಣೆಯಿಂದ ಏಳುವಾಗ ಅತ್ತೆ ಕಂಬ ಹಿಡಿಯುತ್ತಾರೆ, ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳುವುದು ಮಕ್ಕಳು ಮಲಗಿದ ಮೇಲೆ. ಹಿಂದೆ ಹಪ್ಪಳದ ದಿನಕ್ಕೆ ನೆರೆಮನೆಯ ಹೆಂಗಸರು ಬರುತ್ತಿದ್ದರು, ಅವರ ಮನೆಗೆ ನಾವು ಹೋಗುತ್ತಿದ್ದೆವು. ಈಗ ಆ ಮನೆಗಳಲ್ಲೂ ಉಳಿದವರು ವಯಸ್ಸಾದವರೇ. ಮಕ್ಕಳ ಸಂಖ್ಯೆ ರಜೆಯಲ್ಲಿ ಏರುತ್ತದೆ, ದುಡಿಯುವ ಕೈಗಳ ಸಂಖ್ಯೆ ಏರುವುದಿಲ್ಲ. ಮಕ್ಕಳು ಬರುವುದಿಲ್ಲ ಎಂದರೆ ಅತ್ತೆ ಅತ್ತೇ ಬಿಡುತ್ತಾರೆ, ಅದೂ ನಿಜ. ಆದರೆ ಆ ಪ್ರೀತಿಯನ್ನು ನೆಚ್ಚಿ ಇಡೀ ಬೇಸಿಗೆಯ ಭಾರವನ್ನು ಅವರ ಮೇಲೆ ಹಾಕಿ ಹೋಗುವುದು ನ್ಯಾಯವಲ್ಲ.

ಮಕ್ಕಳನ್ನು ಖಂಡಿತ ಊರಿಗೆ ಕಳಿಸಿ. ಜೊತೆಗೆ ನೀವೂ ಬನ್ನಿ, ಬರೀ ಊಟದ ಹೊತ್ತಿಗಲ್ಲ. ಗಂಡಸರು ಬೆಳಗಿನ ದೋಸೆಯನ್ನೂ ರಾತ್ರಿಯ ಪಾತ್ರೆಯನ್ನೂ ವಹಿಸಿಕೊಳ್ಳಿ, ಸೊಳೆ ಬಿಡಿಸಲು ಕೂರಿ. ಮೇ ತಿಂಗಳ ರಜೆ ಹಾಕುವ ಮೊದಲು ಅಜ್ಜಿಗೆ ಒಂದು ಫೋನ್ ಮಾಡಿ ಹಪ್ಪಳ ಯಾವತ್ತು ಎಂದು ಕೇಳಿ, ಅದರ ಹಿಂದಿನ ರಾತ್ರಿಯ ಬಸ್ಸಿಗೇ ಟಿಕೆಟ್ ಮಾಡಿಸಿ.