ಮಾಸ್ತರರ ಹೊಣೆ ಎಲ್ಲಿಯವರೆಗೆ?

ಚಿತ್ತಾಪುರದ ಹತ್ತಿರದ ನಾಗಾವಿಗೆ ಹೋಗುವ ಬಹಳಷ್ಟು ಜನ ಯಲ್ಲಮ್ಮನಿಗೆ ಕೈಮುಗಿದು ಮರಳಿ ಬರುತ್ತಾರೆ. ಅಲ್ಲಿಯ ಹಳೆಯ ಕಲ್ಲುಕಂಬಗಳ ಕಡೆಗೆ ಕಣ್ಣು ಹಾಯಿಸುವವರು ಕಡಿಮೆ. ಕ್ರಿ.ಶ. 1058ರ ಶಾಸನವೊಂದು ಇಲ್ಲಿದ್ದ ಘಟಿಕಾಸ್ಥಾನದ ಕಥೆ ಹೇಳುತ್ತದೆ. ವೇದ ಓದುವ 200 ವಿದ್ಯಾರ್ಥಿಗಳು, ಶಾಸ್ತ್ರ ಓದುವವರು ಬೇರೆ. ಅವರಿಗೆ ಕಲಿಸುವ ಉಪಾಧ್ಯಾಯರು, ಪುಸ್ತಕ ಕಾಯಲು ಆರು ಮಂದಿ ಸರಸ್ವತೀ ಭಂಡಾರಿಗರು. ಇವರೆಲ್ಲರ ನಿರ್ವಹಣೆಗೆ ಭೂಮಿ ದತ್ತಿ!

ಕಲಿಸುವವನ ಹೊಟ್ಟೆಯ ಚಿಂತೆಯನ್ನು ಸಮಾಜ ಹೊರಬೇಕು, ಕಲಿಯುವವನ ಚಿಂತೆಯನ್ನು ಗುರು ಹೊರಬೇಕು. ಒಪ್ಪಂದ ಅಷ್ಟು ಹಳೆಯದು. ಆದರೆ ಆ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ. ಇಂದು 6ರಿಂದ 14 ವರ್ಷದ ಪ್ರತಿ ಮಗುವಿಗೂ ಶಿಕ್ಷಣ ಹಕ್ಕು. ಆದ್ದರಿಂದ ಗುರುವಿನ ಹೊಣೆಯೂ ಹಿರಿದಾಗಿದೆ.

ಕಾನೂನು ಏನು ಹೇಳುತ್ತದೆ?

2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರ 24ನೇ ಕಲಂ ಶಿಕ್ಷಕರ ಕರ್ತವ್ಯಗಳನ್ನು ಸ್ಪಷ್ಟವಾಗಿ ಹೇಳುತ್ತದೆ: ವೇಳೆಗೆ ಸರಿಯಾಗಿ ಶಾಲೆಗೆ ಬರಬೇಕು, ಪಠ್ಯವನ್ನು ಅವಧಿಯೊಳಗೆ ಮುಗಿಸಬೇಕು, ಹಿಂದುಳಿದ ಮಗುವಿಗೆ ಹೆಚ್ಚು ಗಮನ ಕೊಡಬೇಕು, ಪಾಲಕರನ್ನು ನಿಯಮಿತವಾಗಿ ಕರೆದು ಮಗುವಿನ ಹಾಜರಿ, ಪ್ರಗತಿ ತಿಳಿಸಬೇಕು. 17ನೇ ಕಲಂ ಪ್ರಕಾರ ಹೊಡೆಯುವಂತಿಲ್ಲ, ಮನಸ್ಸು ನೋಯಿಸುವಂತೆಯೂ ಇಲ್ಲ. 28ನೇ ಕಲಂ ಖಾಸಗಿ ಟ್ಯೂಷನ್ ನಿಷೇಧಿಸುತ್ತದೆ.

ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ತಿಳಿದರೆ 2012ರ ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ತಿಳಿಸಲೇಬೇಕು. ‘ಶಾಲೆಯ ಹೆಸರು ಕೆಡುತ್ತದೆ’ ಎಂದು ಮುಚ್ಚಿಟ್ಟರೆ ಅದೇ ಅಪರಾಧ. ಮಕ್ಕಳೇ, 1098 ಸಹಾಯವಾಣಿಯ ಸಂಖ್ಯೆ ನೆನಪಿಟ್ಟುಕೊಳ್ಳಿ.

ಶಾಲೆಯ ಗೋಡೆಯಾಚೆಗೂ ಹೊಣೆ ಉಂಟು. 1995ರಲ್ಲಿ ಪ್ರವಾಸಕ್ಕೆ ಹೋದ ಶಾಲೆಯೊಂದರ 14 ಮಕ್ಕಳು ಬಿಯಾಸ್ ನದಿಯಲ್ಲಿ ಮುಳುಗಿ ಸತ್ತರು. ಜೊತೆಗಿದ್ದ ಶಿಕ್ಷಕರ ನಿರ್ಲಕ್ಷ್ಯಕ್ಕೆ ಶಾಲೆಯೇ ಹೊಣೆ ಎಂದ ಸುಪ್ರೀಂ ಕೋರ್ಟ್, ಪ್ರತಿ ಮಗುವಿಗೆ 5 ಲಕ್ಷ ರೂಪಾಯಿ ಪರಿಹಾರವನ್ನು 2001ರಲ್ಲಿ ಎತ್ತಿಹಿಡಿಯಿತು.

ಗುಳೆ ಹೋದ ಮಗು

ನಮ್ಮ ಭಾಗದ ಪ್ರಶ್ನೆ ಇನ್ನೊಂದಿದೆ. ಚಿಂಚೋಳಿ, ಸೇಡಂ, ಚಿತ್ತಾಪುರ ತಾಲ್ಲೂಕುಗಳ ತಾಂಡಾಗಳಿಂದ ಕುಟುಂಬಗಳು ಮುಂಬೈ, ಪುಣೆ, ಹೈದರಾಬಾದಿಗೆ ದುಡಿಯಲು ಹೋಗುತ್ತವೆ. ಶಹಾಬಾದಿನ ಕಲ್ಲುಗಣಿ, ವಾಡಿಯ ಸಿಮೆಂಟ್ ಕಾರ್ಖಾನೆಯ ಕೆಲಸ ನಂಬಿ ಬಂದವರೂ ಇದ್ದಾರೆ. ಅಪ್ಪ ಅವ್ವನ ಗಂಟಿನ ಜೊತೆ ಮಗುವೂ ಹೊರಡುತ್ತದೆ.

ಅದಕ್ಕೂ ಕಾನೂನಿದೆ. 5ನೇ ಕಲಂ ಪ್ರಕಾರ ಮಗು ಬೇರೆ ರಾಜ್ಯಕ್ಕೆ ಹೋದರೂ ಅಲ್ಲಿಯ ಸರ್ಕಾರಿ ಶಾಲೆ ಸೇರಬಹುದು. ಮುಖ್ಯೋಪಾಧ್ಯಾಯರು ಕೂಡಲೇ ವರ್ಗಾವಣೆ ಪತ್ರ ಕೊಡಬೇಕು. ತಡಮಾಡಿದರೆ ಶಿಸ್ತುಕ್ರಮ. ಪತ್ರ ಬಂದಿಲ್ಲವೆಂದು ಹೊಸ ಶಾಲೆ ಪ್ರವೇಶ ನಿರಾಕರಿಸುವಂತಿಲ್ಲ. ನಡುವೆ ಶಾಲೆ ಬಿಟ್ಟ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಂಡು ವಿಶೇಷ ತರಬೇತಿ ಕೊಡಬೇಕೆಂದು 4ನೇ ಕಲಂ ಹೇಳುತ್ತದೆ. ಊರು ಬಿಡುವ ಪಾಲಕರು ಇಷ್ಟು ತಿಳಿದಿದ್ದರೆ ಸಾಕು, ಮಗುವಿನ ಒಂದು ವರ್ಷ ಉಳಿದೀತು.

ಎರಡೂ ಕೈ ಸೇರಬೇಕು

ಶಿಕ್ಷಕರ ಕಷ್ಟವೂ ಸಣ್ಣದಲ್ಲ. ಜನಗಣತಿ, ಚುನಾವಣೆ, ವಿಪತ್ತು ಪರಿಹಾರ ಬಿಟ್ಟು ಬೇರೆ ಕೆಲಸಕ್ಕೆ ಅವರನ್ನು ಹಚ್ಚಬಾರದೆಂದು 27ನೇ ಕಲಂ ಹೇಳುತ್ತದೆ. ಕರ್ತವ್ಯಲೋಪದ ಆರೋಪ ಬಂದರೂ ಅವರ ಮಾತು ಕೇಳದೆ ಶಿಕ್ಷಿಸುವಂತಿಲ್ಲ. ಪಾಲಕರು ಸಿಟ್ಟಿನಿಂದ ಶಾಲೆಗೆ ನುಗ್ಗುವುದು ತರವಲ್ಲ. ಸರ್ಕಾರಿ ಶಾಲೆಯ ಎಸ್‌ಡಿಎಂಸಿಯಲ್ಲಿ ಮುಕ್ಕಾಲು ಪಾಲು ಸದಸ್ಯರು ಪಾಲಕರೇ. ಅಲ್ಲಿ ಕುಳಿತು ಕೇಳುವುದು ಅವರ ಹಕ್ಕು.

ವೇಳೆಗೆ ಬಂದು, ಪಾಠ ಮುಗಿಸಿ, ಕೋಲು ಹಿಡಿಯದ ಮಾಸ್ತರರನ್ನು ಕಾನೂನು ತಪ್ಪಿತಸ್ಥರೆನ್ನುವುದಿಲ್ಲ. ಆದರೆ ನಾಲ್ಕು ದಿನದಿಂದ ಖಾಲಿ ಇರುವ ಜಾಗ ಕಂಡು, ಸಂಜೆ ತಾಂಡಾದ ದಾರಿ ಹಿಡಿದು, ‘ಯಾಕವ್ವ, ಹುಡುಗಿ ಸಾಲಿಗೆ ಬರವಲ್ಲಳು?’ ಎಂದು ಕೇಳುವ ಅಕ್ಕೋರನ್ನು ಯಾವ ಕಲಮೂ ಹುಟ್ಟಿಸಲಾರದು. ಹೊಣೆ ಕಾನೂನಿನಿಂದ ಶುರುವಾಗುತ್ತದೆ; ಅದು ಮುಟ್ಟಬೇಕಾದದ್ದು ಆ ಮನೆಯ ಬಾಗಿಲನ್ನು.